ಮಾಡಬೇಕಾದ ಕೆಲಸಗಳ ಪಟ್ಟಿ

ಮಾಡಬೇಕಾದ ಕೆಲಸಗಳ ಪಟ್ಟಿ ಅಥವಾ ಟು-ಡೂ ಲಿಸ್ಟ್ ಎಂದರೆ ಒಬ್ಬ ವ್ಯಕ್ತಿಯು ತಾನು ಮಾಡಿ ಮುಗಿಸಬೇಕಾಗಿರುವ ಕೆಲಸಗಳನ್ನು ನೆನಪಿಗಾಗಿಯೂ ಕ್ರಮಕ್ಕಾಗಿಯೂ ಬರೆದಿಟ್ಟುಕೊಳ್ಳುವ ಟಿಪ್ಪಣಿ. ಇದು ದಿನಚರಿ ಪುಸ್ತಕದ ಒಂದು ಪುಟವಾಗಿರಬಹುದು, ಗೋಡೆಯ ಕ್ಯಾಲೆಂಡರಿನ ಅಂಚಾಗಿರಬಹುದು ಅಥವಾ ಮೊಬೈಲ್ ಫೋನಿನ ಆ್ಯಪ್ ಆಗಿರಬಹುದು. ಮರೆವನ್ನು ತಡೆಯುವುದು ಇದರ ಮೊದಲ ಉಪಯೋಗ. ಆದರೆ ಅನೇಕರು ಪಟ್ಟಿ ಬರೆಯಲು ತೊಡಗುವುದು ಮರೆವಿನ ಕಾರಣದಿಂದಲ್ಲ, ಕೆಲಸವನ್ನು ಮುಂದೂಡುವ ತಮ್ಮ ಅಭ್ಯಾಸದಿಂದ ಬೇಸತ್ತು. ಕೆಲಸವು ಚೆನ್ನಾಗಿ ನೆನಪಿದ್ದರೂ ಅದನ್ನು ನಾಳೆಗೆ ತಳ್ಳುತ್ತ ಹೋಗುವ ಈ ಪ್ರವೃತ್ತಿಯನ್ನು ಮುಂದೂಡುವಿಕೆ ಎಂದು ಕರೆಯಲಾಗುತ್ತದೆ. ಪಟ್ಟಿಯು ಮುಂದೂಡುವಿಕೆಗೆ ತಾನಾಗಿಯೇ ಮದ್ದಲ್ಲ. ಕೆಲವು ಬಗೆಯ ಪಟ್ಟಿಗಳು ಕೆಲಸವನ್ನು ಆರಂಭಿಸಲು ನೆರವಾಗುತ್ತವೆ. ಇನ್ನು ಕೆಲವು ಕೆಲಸದಿಂದ ತಪ್ಪಿಸಿಕೊಳ್ಳುವ ಮತ್ತೊಂದು ದಾರಿಯಾಗುತ್ತವೆ.

## ಪದ ಮತ್ತು ಪರಿಕಲ್ಪನೆ

ಮುಂದೂಡುವಿಕೆಗೆ ಇಂಗ್ಲಿಷಿನಲ್ಲಿರುವ ‘ಪ್ರೊಕ್ರಾಸ್ಟಿನೇಷನ್’ ಎಂಬ ಪದವು ಲ್ಯಾಟಿನ್ ಮೂಲದ್ದು. ಆ ಭಾಷೆಯಲ್ಲಿ ‘ಕ್ರಾಸ್’ ಎಂದರೆ ನಾಳೆ. ಸಂಸ್ಕೃತದಿಂದ ಕನ್ನಡಕ್ಕೆ ಬಂದಿರುವ ‘ದೀರ್ಘಸೂತ್ರತೆ’ ಎಂಬ ಪದಕ್ಕೂ ಹೆಚ್ಚುಕಡಿಮೆ ಇದೇ ಅರ್ಥವಿದೆ. ಭಗವದ್ಗೀತೆಯ 18ನೇ ಅಧ್ಯಾಯದ 28ನೇ ಶ್ಲೋಕವು ತಾಮಸ ಕರ್ತೃವಿನ ಲಕ್ಷಣಗಳಲ್ಲಿ ದೀರ್ಘಸೂತ್ರಿತ್ವವನ್ನೂ ಸೇರಿಸುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ಯುಧಿಷ್ಠಿರನಿಗೆ ಹೇಳುವ ಮೂರು ಮೀನುಗಳ ಕಥೆಯಲ್ಲಿ, ಕೊಳದ ನೀರು ಬತ್ತುತ್ತಿರುವುದು ತಿಳಿದಿದ್ದರೂ ಅವಸರವೇನಿದೆ ಎಂದು ಕುಳಿತು ಬೆಸ್ತರ ಕೈಗೆ ಸಿಕ್ಕಿ ಸಾಯುವ ಮೀನಿನ ಹೆಸರೇ ದೀರ್ಘಸೂತ್ರ. ಪಂಚತಂತ್ರದಲ್ಲಿ ಇದೇ ಮೀನು ‘ಯದ್ಭವಿಷ್ಯ’ ಎಂಬ ಹೆಸರಿನಿಂದ ಬರುತ್ತದೆ. ‘ಆಲಸ್ಯಂ ಅಮೃತಂ ವಿಷಂ’ ಎಂಬ ಮಾತು ಕನ್ನಡಿಗರ ದಿನಬಳಕೆಯಲ್ಲಿಯೂ ಇದೆ.

1990ರ ದಶಕದಲ್ಲಿ ಬೆಂಗಳೂರು ಹಾಗೂ ಸುತ್ತಮುತ್ತಲಿನ ಊರುಗಳಲ್ಲಿ ಮನೆಯ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆಯುವ ವಾಡಿಕೆ ಹಬ್ಬಿತ್ತು. ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವವು ಅದನ್ನು ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದಾಗಲೂ ಅದೇ ಬರಹವನ್ನು ಕಂಡು ಮತ್ತೆ ಹೋಗುತ್ತದೆ ಎಂಬುದು ನಂಬಿಕೆ. ಅಂಗಡಿಗಳಲ್ಲಿ ಕಾಣುವ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕದ ಉಪಾಯವೂ ಇದೇ. ಮುಂದೂಡುವ ಅಭ್ಯಾಸವುಳ್ಳವರು ತಮ್ಮ ಕೆಲಸಗಳಿಗೂ ಇಂಥದೇ ಫಲಕವನ್ನು ತೋರಿಸುತ್ತಾರೆ ಎನ್ನಬಹುದು. ಕೆಲಸವೂ ದೆವ್ವದಂತೆ ಪ್ರತಿ ರಾತ್ರಿ ಮರಳಿ ಬರುತ್ತದೆ.

ಎಲ್ಲ ವಿಳಂಬವೂ ಮುಂದೂಡುವಿಕೆಯಲ್ಲ. ಮಳೆ ಬರಲಿ ಎಂದು ಬಿತ್ತನೆಯನ್ನು ತಡೆದಿರುವ ರೈತನಾಗಲಿ, ಮನೆಯವರ ಅನಾರೋಗ್ಯದಿಂದ ಓದನ್ನು ನಿಲ್ಲಿಸಿರುವ ವಿದ್ಯಾರ್ಥಿಯಾಗಲಿ ಕೆಲಸವನ್ನು ಮುಂದೂಡುತ್ತಿದ್ದಾರೆ ಎಂದು ಮನಶ್ಶಾಸ್ತ್ರಜ್ಞರು ಪರಿಗಣಿಸುವುದಿಲ್ಲ. ಕೆನಡಾದ ಸಂಶೋಧಕ ಪಿಯರ್ಸ್ ಸ್ಟೀಲ್ 2007ರಲ್ಲಿ ಪ್ರಕಟಿಸಿದ ವಿಮರ್ಶಾ ಲೇಖನದ ಪ್ರಕಾರ, ತಡಮಾಡಿದರೆ ತನಗೇ ನಷ್ಟವೆಂದು ತಿಳಿದಿದ್ದರೂ, ತಾನೇ ಮಾಡಬೇಕೆಂದುಕೊಂಡ ಕೆಲಸವನ್ನು ಸ್ವಇಚ್ಛೆಯಿಂದ ತಡಮಾಡುವುದು ಮುಂದೂಡುವಿಕೆ. ಇದು ಸೋಮಾರಿತನದಿಂದಲೂ ಬೇರೆಯಾದದ್ದು. ಸೋಮಾರಿಗೆ ಕೆಲಸ ಮಾಡುವ ಇಚ್ಛೆಯೇ ಇರುವುದಿಲ್ಲ; ಮುಂದೂಡುವವರಿಗೆ ಇಚ್ಛೆಯಿರುತ್ತದೆ, ಅದರ ಜೊತೆಗೆ ಕೊರಗೂ ಇರುತ್ತದೆ.

## ಕಾರಣಗಳು

ಮುಂದೂಡುವಿಕೆಯನ್ನು ಬಹುಕಾಲ ಸಮಯಪಾಲನೆಯ ದೋಷವೆಂದು ಭಾವಿಸಲಾಗಿತ್ತು. ಆದುದರಿಂದಲೇ ಅದಕ್ಕೆ ವೇಳಾಪಟ್ಟಿಯನ್ನು ಪರಿಹಾರವಾಗಿ ಸೂಚಿಸುವುದು ರೂಢಿ. ಫ್ಯೂಷಾ ಸಿರೋಯಿಸ್ ಮತ್ತು ಟಿಮೊಥಿ ಪಿಚಿಲ್ ಎಂಬ ಸಂಶೋಧಕರು 2013ರಲ್ಲಿ ಇದನ್ನು ಬೇರೆ ದೃಷ್ಟಿಯಿಂದ ವಿವರಿಸಿದರು. ಅವರ ಪ್ರಕಾರ ಮುಂದೂಡುವವರು ತಪ್ಪಿಸಿಕೊಳ್ಳುವುದು ಕೆಲಸವನ್ನಲ್ಲ, ಆ ಕೆಲಸವನ್ನು ನೆನೆದಾಗ ಮೂಡುವ ಬೇಸರ, ಅಂಜಿಕೆ, ಗೊಂದಲ ಅಥವಾ ಕೀಳರಿಮೆಯನ್ನು. ಪುಸ್ತಕವನ್ನು ಮುಚ್ಚಿಟ್ಟು ಮೊಬೈಲನ್ನು ಕೈಗೆತ್ತಿಕೊಂಡ ಕೂಡಲೇ ಮನಸ್ಸು ಹಗುರಾಗುತ್ತದೆ, ಮತ್ತು ಈ ಹಗುರವೇ ಮುಂದಿನ ಬಾರಿಯೂ ಹಾಗೆಯೇ ಮಾಡಲು ಪ್ರೇರಣೆಯಾಗುತ್ತದೆ. ನಷ್ಟವನ್ನು ಅನುಭವಿಸಬೇಕಾದವರು ‘ನಾಳೆಯ ತಾನು’. ಇಂದಿನವರಿಗೆ ಆ ನಾಳೆಯ ವ್ಯಕ್ತಿಯು ಬೇರೆ ಯಾರೋ ಎಂಬಂತೆ ತೋರುತ್ತದೆ.

ಪಟ್ಟಿಯ ಬಗ್ಗೆ ಯೋಚಿಸುವಾಗ ಈ ವಿವರಣೆ ಮುಖ್ಯವಾಗುತ್ತದೆ. ಕಾರಣವು ಮರೆವಾಗಿದ್ದರೆ ಕೆಲಸದ ಹೆಸರನ್ನು ಬರೆದಿಟ್ಟರೆ ಸಾಕು. ಕಾರಣವು ಅಳುಕಾಗಿದ್ದರೆ, ಹೆಸರನ್ನಷ್ಟೇ ಬರೆದಿಡುವುದರಿಂದ ಆ ಅಳುಕನ್ನು ದಿನಕ್ಕೆ ಹತ್ತು ಬಾರಿ ಓದಿಕೊಂಡಂತಾಗುತ್ತದೆ.

## ಇತಿಹಾಸ

ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿ ಪುಸ್ತಕಗಳಲ್ಲಿ, ಅವನು ಮಿಲಾನ್ ನಗರದಲ್ಲಿದ್ದ ಕಾಲದ ಇಂಥ ಪಟ್ಟಿಗಳಿವೆ. ಮಿಲಾನ್ ಮತ್ತು ಅದರ ಹೊರವಲಯವನ್ನು ಅಳೆಯುವುದು, ಗಣಿತ ಬಲ್ಲವರಿಂದ ಒಂದು ಲೆಕ್ಕವನ್ನು ಕಲಿಯುವುದು, ಫ್ಲ್ಯಾಂಡರ್ಸ್‌ನ ಜನ ಮಂಜುಗಡ್ಡೆಯ ಮೇಲೆ ಹೇಗೆ ಚಲಿಸುತ್ತಾರೆಂದು ಕೇಳಿ ತಿಳಿಯುವುದು ಇತ್ಯಾದಿ ಅದರಲ್ಲಿ ಸೇರಿವೆ. ಇಷ್ಟು ಬರೆದಿಡುತ್ತಿದ್ದ ಲಿಯೊನಾರ್ಡೊ ಅನೇಕ ಚಿತ್ರಗಳನ್ನು ಅಪೂರ್ಣವಾಗಿ ಬಿಟ್ಟವನೆಂದೂ ಪ್ರಸಿದ್ಧ. 18ನೇ ಶತಮಾನದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ದಿನದ ಗಂಟೆಗಳನ್ನು ವಿಂಗಡಿಸಿ ಬರೆದ ವೇಳಾಪಟ್ಟಿಯನ್ನು ತನ್ನ ಆತ್ಮಕಥೆಯಲ್ಲಿ ಕೊಟ್ಟಿದ್ದಾನೆ. ಅದನ್ನು ಪಾಲಿಸುವುದು ತನಗೆ ಕಷ್ಟವಾಯಿತೆಂದೂ ಒಪ್ಪಿಕೊಂಡಿದ್ದಾನೆ.

20ನೇ ಶತಮಾನದಲ್ಲಿ ಪಟ್ಟಿಯು ಕಚೇರಿ ಆಡಳಿತದ ಸಾಧನವಾಯಿತು. ಬೆಥ್ಲೆಹೆಮ್ ಸ್ಟೀಲ್ ಕಂಪನಿಯ ಮುಖ್ಯಸ್ಥ ಚಾರ್ಲ್ಸ್ ಶ್ವಾಬ್‌ಗೆ ಐವಿ ಲೀ ಎಂಬ ಸಲಹೆಗಾರನು 1918ರ ಸುಮಾರಿಗೆ ಒಂದು ಸರಳ ಸೂತ್ರವನ್ನು ಹೇಳಿಕೊಟ್ಟನೆಂಬ ಕಥೆ ನಿರ್ವಹಣಾ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಂಜೆ ಕಚೇರಿ ಬಿಡುವ ಮುನ್ನ ಮರುದಿನದ ಆರು ಕೆಲಸಗಳನ್ನು ಮಹತ್ವದ ಕ್ರಮದಲ್ಲಿ ಬರೆಯುವುದು, ಬೆಳಿಗ್ಗೆ ಮೊದಲನೆಯದನ್ನು ಮುಗಿಸಿಯೇ ಎರಡನೆಯದಕ್ಕೆ ಕೈಹಾಕುವುದು, ಉಳಿದದ್ದನ್ನು ಮರುದಿನದ ಆರರಲ್ಲಿ ಸೇರಿಸುವುದು – ಇಷ್ಟೇ ಆ ಸೂತ್ರ. ಇದಕ್ಕಾಗಿ 25,000 ಡಾಲರ್ ಸಂಭಾವನೆ ದೊರೆಯಿತೆಂಬ ಮಾತನ್ನು ದಂತಕಥೆಯೆಂದೇ ತಿಳಿಯುವುದು ಕ್ಷೇಮ.

ತುರ್ತಿನ ಕೆಲಸ ಮತ್ತು ಮಹತ್ವದ ಕೆಲಸ ಎರಡೂ ಒಂದೇ ಅಲ್ಲವೆಂಬ ವಿಚಾರವು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರಲ್ಲಿ ಮಾಡಿದ ಭಾಷಣವೊಂದರಿಂದ ಪ್ರಚಾರಕ್ಕೆ ಬಂತು. ಆತ ಅದನ್ನು ಕಾಲೇಜೊಂದರ ಮಾಜಿ ಅಧ್ಯಕ್ಷರ ಮಾತೆಂದು ಹೇಳಿದ್ದರೂ, ಅದನ್ನು ಆಧರಿಸಿದ ನಾಲ್ಕು ಚೌಕಗಳ ಕೋಷ್ಟಕಕ್ಕೆ ಐಸೆನ್‌ಹೋವರ್‌ನ ಹೆಸರೇ ಉಳಿದುಕೊಂಡಿದೆ. ಸ್ಟೀಫನ್ ಕೋವಿಯ 1989ರ ಪುಸ್ತಕವು ಈ ಕೋಷ್ಟಕವನ್ನು ಜನಪ್ರಿಯಗೊಳಿಸಿತು. 2001ರಲ್ಲಿ ಡೇವಿಡ್ ಅಲೆನ್ ಬರೆದ ‘ಗೆಟಿಂಗ್ ಥಿಂಗ್ಸ್ ಡನ್’ ಪುಸ್ತಕವು, ಪ್ರತಿಯೊಂದು ಕೆಲಸಕ್ಕೂ ಕೈಯಿಂದ ಮಾಡಬಹುದಾದ ‘ಮುಂದಿನ ಕ್ರಿಯೆ’ ಯಾವುದೆಂದು ಗುರುತಿಸಬೇಕೆಂದು ಒತ್ತಿಹೇಳಿತು.

## ಮನಶ್ಶಾಸ್ತ್ರೀಯ ಆಧಾರ

ಬರ್ಲಿನ್‌ನಲ್ಲಿ ಕುರ್ಟ್ ಲೆವಿನ್‌ರ ವಿದ್ಯಾರ್ಥಿನಿಯಾಗಿದ್ದ ಬ್ಲೂಮಾ ಝೈಗಾರ್ನಿಕ್ ಅವರು 1927ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧಕ್ಕೆ ತಡೆಯಲ್ಪಟ್ಟ ಕೆಲಸಗಳು ಮುಗಿದ ಕೆಲಸಗಳಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತವೆಂದು ತೋರಿಸಿದರು. ನೆನಪಿನ ಕುರಿತಾದ ಈ ಫಲಿತಾಂಶವು ನಂತರದ ಎಲ್ಲ ಪ್ರಯೋಗಗಳಲ್ಲಿಯೂ ದೊರೆತಿಲ್ಲ. ಆದರೂ ಮುಗಿಯದ ಕೆಲಸ ಮನಸ್ಸನ್ನು ಕಾಡುತ್ತದೆ ಎಂಬ ಅನುಭವ ಸಾರ್ವತ್ರಿಕವಾದುದು. ಇ. ಜೆ. ಮಾಸಿಕಾಂಪೊ ಮತ್ತು ರಾಯ್ ಬಾಮೈಸ್ಟರ್ 2011ರಲ್ಲಿ ಇದಕ್ಕೆ ಮಹತ್ವದ ಸೇರ್ಪಡೆಯೊಂದನ್ನು ಮಾಡಿದರು. ಅವರ ಪ್ರಯೋಗಗಳಲ್ಲಿ, ಮುಗಿಯದ ಕೆಲಸದ ಯೋಚನೆಯು ಓದಿನಂತಹ ಬೇರೆ ಚಟುವಟಿಕೆಗಳಿಗೆ ಅಡ್ಡಿಯಾಗುತ್ತಿತ್ತು. ಆದರೆ ಆ ಕೆಲಸವನ್ನು ಹೇಗೆ ಮಾಡುವುದೆಂದು ಖಚಿತವಾದ ಯೋಜನೆ ಹಾಕಿಕೊಂಡವರಲ್ಲಿ, ಕೆಲಸ ಇನ್ನೂ ಮುಗಿಯದಿದ್ದರೂ, ಈ ಅಡ್ಡಿ ಕಾಣಲಿಲ್ಲ.

ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಯುವಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೂ ಇದಕ್ಕೆ ಹೊಂದಿಕೊಳ್ಳುತ್ತದೆ. ಮಲಗುವ ಮುನ್ನ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ 9 ನಿಮಿಷ ಬೇಗ ನಿದ್ರೆಗೆ ಜಾರಿದರು. ಪಟ್ಟಿಯು ಹೆಚ್ಚು ವಿವರವಾಗಿದ್ದಷ್ಟೂ ನಿದ್ರೆ ಬೇಗ ಬಂದಿತ್ತು.

ಮುಂದೂಡುವಿಕೆಗೆ ನೇರವಾಗಿ ಸಂಬಂಧಿಸಿದ ಸಂಶೋಧನೆಯೆಂದರೆ ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಅವರದು. ‘ಇಂಥದ್ದನ್ನು ಮಾಡುತ್ತೇನೆ’ ಎಂಬ ಸಂಕಲ್ಪಕ್ಕೂ, ‘ಇಂಥ ಸಂದರ್ಭ ಬಂದಾಗ ಇಂಥದ್ದನ್ನು ಮಾಡುತ್ತೇನೆ’ ಎಂಬ ಯೋಜನೆಗೂ ಬಹಳ ವ್ಯತ್ಯಾಸವಿದೆ ಎಂಬುದು ಅವರ ವಾದ. ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು ತಾವು ಕ್ರಿಸ್‌ಮಸ್ ಮುನ್ನಾದಿನವನ್ನು ಕಳೆದ ಬಗೆಯನ್ನು 48 ಗಂಟೆಗಳೊಳಗೆ ಬರೆದು ಕಳುಹಿಸಬೇಕಾಗಿತ್ತು. ಯಾವಾಗ, ಎಲ್ಲಿ ಕುಳಿತು ಬರೆಯುವೆನೆಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಸಮಯಕ್ಕೆ ಸರಿಯಾಗಿ ಬರೆದರು. ಉಳಿದವರಲ್ಲಿ ಬರೆದವರು ಸುಮಾರು ಮೂರನೆಯ ಒಂದು ಪಾಲು ಮಾತ್ರ. ಪಾಸ್ಕಲ್ ಶೀರನ್ ಅವರೊಡನೆ ಗೋಲ್‌ವಿಟ್ಸರ್ 2006ರಲ್ಲಿ 94 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗಲೂ ಇಂಥ ಯೋಜನೆಯ ಪರಿಣಾಮ ಸ್ಪಷ್ಟವಾಗಿ ಕಂಡಿತು.

## ಪಟ್ಟಿಯ ರಚನೆ

ಕರ್ನಾಟಕದ ಪದವಿ ವಿದ್ಯಾರ್ಥಿನಿಯೊಬ್ಬಳು ಹೀಗೆ ಪಟ್ಟಿ ಬರೆದಿದ್ದಾಳೆಂದು ಊಹಿಸಬಹುದು: ಸ್ಕಾಲರ್‌ಶಿಪ್, ಪ್ರಾಜೆಕ್ಟ್ ವರದಿ, ಪರೀಕ್ಷೆಗೆ ಓದುವುದು, ಬಟ್ಟೆ ಇಸ್ತ್ರಿ, ಅಜ್ಜಿಗೆ ಫೋನ್. ಸಂಜೆಯ ಹೊತ್ತಿಗೆ ಬಟ್ಟೆ ಇಸ್ತ್ರಿಯಾಗಿರುತ್ತದೆ, ಅಜ್ಜಿಯೊಡನೆ ಮಾತೂ ಆಗಿರುತ್ತದೆ. ಮೊದಲ ಮೂರು ಹಾಗೆಯೇ ಮರುದಿನದ ಪುಟಕ್ಕೆ ಹೋಗುತ್ತವೆ. ವಾರವಿಡೀ ಹೀಗೆಯೇ ನಡೆದರೆ ಅವಳು ತನ್ನನ್ನು ಸೋಮಾರಿಯೆಂದು ಹಳಿದುಕೊಳ್ಳುವ ಸಾಧ್ಯತೆಯಿದೆ. ದೋಷವಿರುವುದು ಬರವಣಿಗೆಯಲ್ಲಿ. ಇಸ್ತ್ರಿ ಮತ್ತು ಫೋನ್ ಎಂಬುವು ಕೆಲಸಗಳು; ಸ್ಕಾಲರ್‌ಶಿಪ್, ವರದಿ, ಪರೀಕ್ಷೆ ಎಂಬುವು ಹಲವು ಕೆಲಸಗಳನ್ನು ಒಳಗೆ ಬಚ್ಚಿಟ್ಟುಕೊಂಡಿರುವ ಶೀರ್ಷಿಕೆಗಳು.

ವಿದ್ಯಾರ್ಥಿವೇತನದ ಉದಾಹರಣೆಯನ್ನೇ ಬಿಡಿಸಿ ನೋಡಬಹುದು. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಲು ಜಾತಿ ಮತ್ತು ಆದಾಯ ಪ್ರಮಾಣಪತ್ರದ ಸಂಖ್ಯೆ ಬೇಕಾಗುತ್ತದೆ. ಪ್ರಮಾಣಪತ್ರ ಇಲ್ಲದಿದ್ದರೆ ನಾಡಕಚೇರಿಗೆ ಅರ್ಜಿ ಕೊಡಬೇಕು, ಅದಕ್ಕೆ ಮನೆಯಲ್ಲಿರುವ ದಾಖಲೆಗಳು ಬೇಕು. ಹಣ ಜಮೆಯಾಗಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಇವುಗಳಲ್ಲಿ ಒಂದೊಂದೂ ಬೇರೆ ಬೇರೆ ಸ್ಥಳದಲ್ಲಿ, ಬೇರೆ ಬೇರೆ ದಿನ ಆಗುವಂಥದ್ದು. ಕೆಲವಂತೂ ಬೇರೊಬ್ಬರ ಮೇಜಿನ ಮೇಲೆ ಕಾಯುವಂಥವು. ಕೊನೆಯ ದಿನಾಂಕದ ಹಿಂದಿನ ಸಂಜೆ ‘ಸ್ಕಾಲರ್‌ಶಿಪ್’ ಎಂಬ ಪದವನ್ನು ಬಿಡಿಸಲು ಕುಳಿತರೆ ಆ ವರ್ಷದ ಹಣ ಕೈತಪ್ಪುತ್ತದೆ. ಅದೇ ಪದದ ಬದಲು ‘ಮಂಗಳವಾರ ರಾತ್ರಿ ಊಟವಾದ ಮೇಲೆ ಅಮ್ಮನಿಂದ ಪಡಿತರ ಚೀಟಿ, ಆಧಾರ್ ಪಡೆದು ಚೀಲದಲ್ಲಿಡುವುದು’ ಎಂದೂ, ‘ಬುಧವಾರ ಬೆಳಿಗ್ಗೆ ಕಾಲೇಜಿಗೆ ಹೋಗುವ ದಾರಿಯಲ್ಲಿ ನಾಡಕಚೇರಿಯಲ್ಲಿ ಇಳಿದು ಅರ್ಜಿ ಕೊಡುವುದು’ ಎಂದೂ ಬರೆದರೆ, ಮೊದಲ ಹೆಜ್ಜೆಗೆ ಹತ್ತು ನಿಮಿಷ ಸಾಕು. ಅದರಲ್ಲಿ ಅಂಜುವಂಥದ್ದೂ ಏನೂ ಇರುವುದಿಲ್ಲ.

ಹೀಗೆ ಬರೆಯುವಾಗ ವಾಕ್ಯವು ಕ್ರಿಯಾಪದದಿಂದ ಮುಗಿಯುವುದು ಒಳ್ಳೆಯದು. ಕೆಲಸ ಮುಗಿಯಿತೋ ಇಲ್ಲವೋ ಎಂಬುದು ನೋಡಿದ ಕೂಡಲೇ ತಿಳಿಯುವಂತಿರಬೇಕು. ‘ಭೌತಶಾಸ್ತ್ರ ಓದುವುದು’ ಎಂದೂ ಮುಗಿಯುವುದಿಲ್ಲ. ‘ವಿದ್ಯುತ್ ಪ್ರವಾಹ ಅಧ್ಯಾಯದ ಮೊದಲ 5 ಲೆಕ್ಕಗಳನ್ನು ಮಾಡುವುದು’ ಮುಗಿಯುತ್ತದೆ. ತೀರಾ ಅಳುಕು ಹುಟ್ಟಿಸುವ ಕೆಲಸದಲ್ಲಿ ಮೊದಲ ಹೆಜ್ಜೆಯನ್ನು ನಗು ಬರುವಷ್ಟು ಚಿಕ್ಕದಾಗಿಸಬಹುದು: ಕಡತವನ್ನು ತೆರೆದು ವರದಿಯ ಶೀರ್ಷಿಕೆಯನ್ನು ಮಾತ್ರ ಟೈಪ್ ಮಾಡುವುದು. ಶೀರ್ಷಿಕೆ ಬರೆದವರು ಮುಂದಿನ ಸಾಲನ್ನೂ ಬರೆಯುತ್ತಾರೆಂಬ ಖಾತರಿಯೇನೂ ಇಲ್ಲ. ಆದರೂ ಖಾಲಿ ಪುಟವನ್ನು ಎದುರಿಸುವುದಕ್ಕಿಂತ ಅದು ಸುಲಭ.

### ಎಷ್ಟು ಕೆಲಸ, ಎಷ್ಟು ಹೊತ್ತು

ಪಟ್ಟಿಗಳು ಸೋಲುವ ಇನ್ನೊಂದು ಕಾರಣ ಅವುಗಳ ಉದ್ದ. ಒಂದು ಕೆಲಸಕ್ಕೆ ಎಷ್ಟು ಸಮಯ ಬೇಕಾಗುತ್ತದೆಂದು ಅಂದಾಜು ಮಾಡುವಾಗ ಎಲ್ಲವೂ ಸುಸೂತ್ರವಾಗಿ ನಡೆಯುವುದೆಂದೇ ಮನುಷ್ಯರು ಭಾವಿಸುತ್ತಾರೆ. ಇದನ್ನು ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವೆರ್‌ಸ್ಕಿ 1979ರಲ್ಲಿ ‘ಯೋಜನಾ ಭ್ರಮೆ’ ಎಂಬ ಅರ್ಥದ ಹೆಸರಿನಿಂದ ಗುರುತಿಸಿದರು. 1994ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ತಮ್ಮ ಪ್ರಬಂಧವು ಸರಾಸರಿ 33.9 ದಿನಗಳಲ್ಲಿ ಮುಗಿಯುವುದೆಂದು ಅಂದಾಜಿಸಿದ್ದರು. ಎಲ್ಲವೂ ಕೆಟ್ಟದಾಗಿ ನಡೆದರೆ 48.6 ದಿನ ಬೇಕಾಗಬಹುದೆಂದರು. ವಾಸ್ತವವಾಗಿ ತೆಗೆದುಕೊಂಡದ್ದು ಸರಾಸರಿ 55.5 ದಿನ. ಅಂದರೆ ಅವರ ನಿರಾಶಾದಾಯಕ ಅಂದಾಜು ಕೂಡ ಆಶಾವಾದಿಯೇ ಆಗಿತ್ತು. ಹಿಂದೆ ಇಂಥದೇ ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿದಿತ್ತೆಂಬುದನ್ನು ನೋಡಿ ಅಂದಾಜು ಮಾಡುವುದು ಇದಕ್ಕೆ ಸೂಚಿಸಲಾಗುವ ಉಪಾಯ.

ಆದುದರಿಂದ ಎರಡು ಪಟ್ಟಿಗಳನ್ನು ಇಟ್ಟುಕೊಳ್ಳುವ ಪದ್ಧತಿ ಪ್ರಯೋಜನಕಾರಿ. ಒಂದರಲ್ಲಿ ನೆನಪಾದದ್ದೆಲ್ಲವೂ ಇರಲಿ. ಅದು ಎಷ್ಟು ಉದ್ದವಾದರೂ ಚಿಂತೆಯಿಲ್ಲ. ಇನ್ನೊಂದು ಆ ದಿನದ್ದು, ಮೂರು ಅಥವಾ ನಾಲ್ಕು ಕೆಲಸಗಳನ್ನು ಮೀರದಂಥದ್ದು. ದಿನದ ಪಟ್ಟಿಯನ್ನು ಹಿಂದಿನ ರಾತ್ರಿಯೇ ಬರೆದರೆ ಬೆಳಗಿನ ಹೊತ್ತು ಆಯ್ಕೆಯಲ್ಲಿ ಕಳೆದುಹೋಗುವುದಿಲ್ಲ. ಕೆಲಸದ ಅವಧಿಯನ್ನು ಮಿತಿಗೊಳಿಸಲು ಪೊಮೊಡೊರೊ ವಿಧಾನವನ್ನು ಬಳಸುವವರಿದ್ದಾರೆ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ, 1980ರ ದಶಕದ ಕೊನೆಯಲ್ಲಿ, ಟೊಮೆಟೊ ಆಕಾರದ ಅಡುಗೆಮನೆಯ ಟೈಮರ್ ಇಟ್ಟುಕೊಂಡು ರೂಪಿಸಿದ ವಿಧಾನವಿದು. 25 ನಿಮಿಷ ಒಂದೇ ಕೆಲಸ, ನಂತರ 5 ನಿಮಿಷ ಬಿಡುವು. ಇಟಾಲಿಯನ್ ಭಾಷೆಯಲ್ಲಿ ಪೊಮೊಡೊರೊ ಎಂದರೆ ಟೊಮೆಟೊ.

ಗಡುವುಗಳ ವಿಷಯದಲ್ಲಿ ಡಾನ್ ಏರಿಯಲಿ ಮತ್ತು ಕ್ಲಾಸ್ ವರ್ಟೆನ್‌ಬ್ರೋಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹ. ಮೂರು ಪ್ರಬಂಧಗಳನ್ನು ಬರೆಯಬೇಕಾಗಿದ್ದ ತರಗತಿಯೊಂದರಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ಗಡುವನ್ನು ತಾವೇ ಆರಿಸಿಕೊಳ್ಳಲು ಬಿಡಲಾಯಿತು. ಕೊನೆಯ ದಿನವೇ ಮೂರನ್ನೂ ಕೊಡುವ ಅವಕಾಶವಿದ್ದರೂ ಹೆಚ್ಚಿನವರು ತಮಗೆ ತಾವೇ ಮುಂಚಿನ ಗಡುವನ್ನು ವಿಧಿಸಿಕೊಂಡರು. ಆದರೆ ಅಧ್ಯಾಪಕರೇ ಸಮಾನ ಅಂತರದ ಗಡುವುಗಳನ್ನು ಕೊಟ್ಟ ಇನ್ನೊಂದು ತರಗತಿಯವರಿಗೆ ಇವರಿಗಿಂತ ಹೆಚ್ಚು ಅಂಕಗಳು ಬಂದವು. ಸ್ವಂತ ಗಡುವು ಉಪಯುಕ್ತ, ಇನ್ನೊಬ್ಬರಿಗೆ ಉತ್ತರ ಕೊಡಬೇಕಾದ ಗಡುವು ಇನ್ನೂ ಬಿಗಿ ಎಂಬುದು ಇದರಿಂದ ತಿಳಿಯುತ್ತದೆ. ಗೆಳತಿಗೆ ‘ಶುಕ್ರವಾರ ಮೊದಲ ಅಧ್ಯಾಯವನ್ನು ತೋರಿಸುತ್ತೇನೆ’ ಎಂದು ಮಾತು ಕೊಡುವುದೂ ಒಂದು ಬಗೆಯ ಹೊರಗಿನ ಗಡುವೇ.

ಕಾಗದವೋ ಆ್ಯಪ್ಪೋ ಎಂಬುದು ರುಚಿಯ ಪ್ರಶ್ನೆ. ಮೊಬೈಲಿನ ಪಟ್ಟಿಯು ಗಂಟೆ ಬಾರಿಸಿ ನೆನಪಿಸಬಲ್ಲದು. ಅದೇ ಮೊಬೈಲಿನಲ್ಲಿ ಗಮನ ಕದಿಯುವ ಇತರ ಸಂಗತಿಗಳೂ ಇರುತ್ತವೆ.

## ಪಟ್ಟಿಯಿಂದಲೇ ವಿಳಂಬ

ಪಟ್ಟಿ ಬರೆದಾಗ ಅರ್ಧ ಕೆಲಸ ಮುಗಿದಂತೆ ಸಮಾಧಾನವಾಗುತ್ತದೆ. ಬಣ್ಣದ ಪೆನ್ನುಗಳಿಂದ ಅದನ್ನು ಅಲಂಕರಿಸುವುದು, ಪ್ರತಿ ತಿಂಗಳು ಹೊಸ ಆ್ಯಪ್‌ಗೆ ಬದಲಾಯಿಸುವುದು, ಮುಗಿದುಹೋದ ಕೆಲಸವನ್ನು ಬರೆದು ಕೂಡಲೇ ಗೆರೆ ಎಳೆಯುವುದು – ಇವೆಲ್ಲ ಈ ಸಮಾಧಾನವನ್ನು ಅಗ್ಗವಾಗಿ ಪಡೆಯುವ ದಾರಿಗಳು. ಸುಲಭದ ಐದು ಕೆಲಸಗಳಿಗೆ ಗೆರೆ ಬಿದ್ದರೆ ದಿನ ಸಾರ್ಥಕವಾದಂತೆ ತೋರುತ್ತದೆ, ಕಷ್ಟದ ಒಂದು ಕೆಲಸವು ಹಾಗೆಯೇ ಉಳಿದಿರುತ್ತದೆ. ಪರೀಕ್ಷೆಯ ಹಿಂದಿನ ವಾರ ಕೋಣೆಯನ್ನು ಗುಡಿಸಿ ಒರೆಸಿ ಪುಸ್ತಕಗಳನ್ನು ಜೋಡಿಸಿದವರಿಗೆ ಇದರ ಪರಿಚಯವಿರುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರಜ್ಞ ಜಾನ್ ಪೆರಿ ಈ ದೌರ್ಬಲ್ಯವನ್ನೇ ಉಪಾಯವಾಗಿಸಿಕೊಂಡರು. 1996ರ ತಮ್ಮ ಪ್ರಬಂಧದಲ್ಲಿ ಅವರು ವಿವರಿಸಿದ ‘ವ್ಯವಸ್ಥಿತ ಮುಂದೂಡುವಿಕೆ’ಯಲ್ಲಿ, ಪಟ್ಟಿಯ ತುದಿಯಲ್ಲಿ ಬಹಳ ಮುಖ್ಯವೆಂದು ತೋರುವ, ಆದರೆ ನಿಜವಾಗಿ ಅಷ್ಟು ಅವಸರವಿಲ್ಲದ ಕೆಲಸವೊಂದನ್ನು ಇಡಬೇಕು. ಅದನ್ನು ತಪ್ಪಿಸಿಕೊಳ್ಳುವ ಸಲುವಾಗಿ ಮನುಷ್ಯನು ಕೆಳಗಿನ ಉಪಯುಕ್ತ ಕೆಲಸಗಳನ್ನು ಮಾಡುತ್ತಾನೆ. ಪೆರಿಯವರಿಗೆ ಇದಕ್ಕಾಗಿ 2011ರಲ್ಲಿ ಸಾಹಿತ್ಯ ವಿಭಾಗದ ಇಗ್ ನೊಬೆಲ್ ಪ್ರಶಸ್ತಿ ದೊರೆಯಿತು. ವಿನೋದದ ಬರಹವಾದರೂ ಇದರಲ್ಲಿ ಸತ್ಯಾಂಶವಿದೆ. ಆದರೆ ತುದಿಯ ಕೆಲಸಕ್ಕೆ ನಿಜವಾದ ಗಡುವಿದ್ದಾಗ ಈ ಉಪಾಯವನ್ನು ನೆಚ್ಚಲಾಗದು.

## ಉಳಿದುಹೋದ ಕೆಲಸಗಳು

ಒಂದು ಕೆಲಸ ಮೂರು ನಾಲ್ಕು ದಿನ ಸತತವಾಗಿ ಮರುದಿನಕ್ಕೆ ಹೋಗುತ್ತಿದ್ದರೆ ಅದನ್ನು ಮತ್ತೆ ನಕಲು ಮಾಡಿ ಫಲವಿಲ್ಲ. ಅದು ಇನ್ನೂ ಒಡೆಯದ ದೊಡ್ಡ ಕೆಲಸವಾಗಿರಬಹುದು, ಬೇರೆಯವರಿಂದ ಏನನ್ನೋ ಕೇಳಬೇಕಾದ ಸಂಕೋಚ ಅಡ್ಡಬಂದಿರಬಹುದು, ಅಥವಾ ಅದನ್ನು ಮಾಡುವ ಅಗತ್ಯವೇ ಇಲ್ಲದಿರಬಹುದು. ಮೂರನೆಯ ಸಂದರ್ಭದಲ್ಲಿ ಹೊಡೆದುಹಾಕುವುದೇ ಸರಿ.

ಮುಂದೂಡಿದ ಬಳಿಕ ತನ್ನನ್ನು ತಾನು ಬೈದುಕೊಳ್ಳುವುದರಿಂದ ಶಿಸ್ತು ಬರುತ್ತದೆಂಬುದು ಸಾಮಾನ್ಯ ನಂಬಿಕೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ. ಮೊದಲ ಪರೀಕ್ಷೆಯ ಓದನ್ನು ಮುಂದೂಡಿದ್ದಕ್ಕಾಗಿ ತಮ್ಮನ್ನು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಅಳುಕಿನಿಂದ ಹುಟ್ಟಿದ ಅಭ್ಯಾಸಕ್ಕೆ ಅಪರಾಧಭಾವವನ್ನೂ ಸೇರಿಸಿದರೆ ಪುಸ್ತಕವನ್ನು ತೆರೆಯುವುದು ಇನ್ನಷ್ಟು ಕಷ್ಟವಾಗುತ್ತದೆ ಎಂದು ಇದನ್ನು ಅರ್ಥೈಸಬಹುದು.

ಪಟ್ಟಿಗೆ ನಿಲುಕದ ಮುಂದೂಡುವಿಕೆಯೂ ಇದೆ. ಖಿನ್ನತೆ, ಆತಂಕದ ಕಾಯಿಲೆ ಮತ್ತು ಎ.ಡಿ.ಎಚ್.ಡಿ. ಎಂಬ ಗಮನಕೊರತೆಯ ತೊಂದರೆ ಇರುವವರಿಗೆ ಕೆಲಸವನ್ನು ಆರಂಭಿಸುವುದೇ ಕಷ್ಟವಾಗಬಹುದು. ಅದು ಇಚ್ಛಾಶಕ್ತಿಯ ಕೊರತೆಯಲ್ಲ. ಸ್ನಾನ, ಊಟ, ಸ್ನೇಹಿತರ ಭೇಟಿಯಂಥ ಸಾಮಾನ್ಯ ಸಂಗತಿಗಳೂ ವಾರಗಟ್ಟಲೆ ಮುಂದಕ್ಕೆ ಹೋಗುತ್ತಿದ್ದರೆ, ಅಥವಾ ಬದುಕಿನ ಬಗ್ಗೆಯೇ ನಿರಾಸಕ್ತಿ ಮೂಡಿದ್ದರೆ, ವೈದ್ಯರನ್ನು ಇಲ್ಲವೇ ಆಪ್ತಸಮಾಲೋಚಕರನ್ನು ಕಾಣುವುದು ಅಗತ್ಯ. ಭಾರತ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯು 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಲಭ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಕೇಂದ್ರ ಸಂಸ್ಥೆಯಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು.